ಹಿಮಾಲಯದ ಕಷ್ಟದ ಟ್ರೆಕ್‌ಗೆ ನೀವು ತಯಾರಾ? ಮೈಸೂರು, ಮಂಡ್ಯದಲ್ಲೇ ಪರೀಕ್ಷಿಸಿಕೊಳ್ಳುವ ಬಗೆ

ಚಾಮುಂಡಿ ಬೆಟ್ಟದ ಮೆಟ್ಟಿಲನ್ನು ಎಲ್ಲೂ ಕೂರದೆ ಹತ್ತುವವರು ನಮ್ಮೂರಲ್ಲಿ ತುಂಬ ಜನ ಇದ್ದಾರೆ. ಅವರಲ್ಲಿ ಹಲವರು ಒಂದಲ್ಲ ಒಂದು ದಿನ ಕೇಳುತ್ತಾರೆ: "ಇಷ್ಟು ಆಗತ್ತೆ ಅಂದ್ಮೇಲೆ ರೂಪಿನ್ ಪಾಸ್ ಆಗಲ್ವಾ? ಎವರೆಸ್ಟ್ ಬೇಸ್ ಕ್ಯಾಂಪ್ ಆಗಲ್ವಾ?" (ಪಾಸ್ ಅಂದರೆ ಬೆಟ್ಟಸಾಲನ್ನು ದಾಟುವ ಎತ್ತರದ ದಾರಿ.) ಆಗಬಹುದು. ಆದರೆ ಮೆಟ್ಟಿಲು ನಿಮ್ಮ ಕಾಲು ಮತ್ತು ಉಸಿರಿನ ಬಗ್ಗೆ ಮಾತ್ರ ಹೇಳುತ್ತದೆ. ಎತ್ತರದ ಗಾಳಿ ನಿಮಗೆ ಒಗ್ಗುತ್ತದಾ, ಹವೆ ಕೆಟ್ಟರೆ ಒಂದು ರಾತ್ರಿ ತಳ್ಳುವಷ್ಟು ಸಿದ್ಧತೆ ಇದೆಯಾ ಅನ್ನುವುದನ್ನು ಬೇರೆಯಾಗಿಯೇ ನೋಡಬೇಕು.

2024ರ ಜೂನ್ ತಿಂಗಳನ್ನು ಕರ್ನಾಟಕದ ಟ್ರೆಕ್ಕಿಂಗ್ ಮಂದಿ ಮರೆಯಲಾರರು. ಉತ್ತರಾಖಂಡದ ಸಹಸ್ರತಾಲ್ ಎಂಬ ಎತ್ತರದ ಸರೋವರದ ಕಡೆಗೆ ಹೋಗಿದ್ದ 22 ಜನರ ತಂಡ ವಾಪಸ್ ಬರುವಾಗ ಹಿಮಗಾಳಿಗೆ ಸಿಕ್ಕಿತು. ತಂಡದಲ್ಲಿ ಹೆಚ್ಚಿನವರು ನಮ್ಮ ರಾಜ್ಯದವರು. 9 ಜನ ತೀರಿಕೊಂಡರು. ಅವರಲ್ಲಿ ಅನುಭವ ಇದ್ದವರೂ ಇದ್ದರು. ದೂರದಲ್ಲಿ ಕುಳಿತು ಅವರ ಬಗ್ಗೆ ತೀರ್ಪು ಕೊಡುವುದು ಸರಿಯಲ್ಲ. ಆದರೆ ಮುಂದೆ ಹೋಗುವವರು ಒಂದು ವಿಷಯ ಗಮನಿಸಬೇಕು: ಆಪತ್ತು ಬಂದದ್ದು ಇಳಿಯುವ ಹಾದಿಯಲ್ಲಿ. ಮೇಲೆ ಹತ್ತಿದ ಮೇಲೆ ನಿಮ್ಮ ಮೈಯಲ್ಲಿ, ಚೀಲದಲ್ಲಿ, ಕೈಯಲ್ಲಿರುವ ದಿನಗಳಲ್ಲಿ ಎಷ್ಟು ಮಿಕ್ಕಿರುತ್ತದೆ? ಕೆಳಗಿನ ಎಲ್ಲ ಪರೀಕ್ಷೆಗಳೂ ಈ ಮಿಕ್ಕಿದ್ದನ್ನೇ ಅಳೆಯುತ್ತವೆ. ಹೊರಡುವುದಕ್ಕೆ ನಾಲ್ಕು ತಿಂಗಳು ಮೊದಲೇ ಶುರು ಮಾಡಿ.

ಹಂತ 1: ನಿಮ್ಮನ್ನು ಅಳೆಯುವ ಮೊದಲು ಟ್ರೆಕ್ಕನ್ನು ಅಳೆಯಿರಿ

"ಮಧ್ಯಮ", "ಕಷ್ಟ" ಅನ್ನುವ ಹಣೆಪಟ್ಟಿ ಒಬ್ಬೊಬ್ಬರದು ಒಂದೊಂದು ಥರ. ಅದನ್ನು ಬಿಟ್ಟು ಒಂದು ಹಾಳೆ ತೆಗೆದುಕೊಳ್ಳಿ. ದಿನಕ್ಕೊಂದು ಸಾಲು ಬರೆಯಿರಿ. ಆ ರಾತ್ರಿ ಮಲಗುವ ಜಾಗದ ಎತ್ತರ, ಆ ದಿನ ಏರುವುದೆಷ್ಟು, ಇಳಿಯುವುದೆಷ್ಟು, ಎಷ್ಟು ಗಂಟೆ ನಡಿಗೆ, ಅಲ್ಲಿಂದ ಗಾಡಿ ಓಡಾಡುವ ರಸ್ತೆ ಎಷ್ಟು ದೂರ. ಈ ವಿವರ ಕೊಡಲಾಗದ ಸಂಸ್ಥೆಯ ಜೊತೆ ಹೋಗಲೇಬೇಡಿ.

ಮೈಸೂರು ಇರುವುದು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿ. ಮಂಡ್ಯ ಇನ್ನೂ ಕೆಳಗೆ. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ 1,930 ಮೀಟರ್. ಇಡೀ ದಕ್ಷಿಣ ಭಾರತಕ್ಕೇ ಎತ್ತರವಾದ ಕೇರಳದ ಆನಮುಡಿ 2,695 ಮೀಟರ್. ತೆಳು ಗಾಳಿಗೆ ದೇಹ ಒಗ್ಗದೆ ಬರುವ ಎತ್ತರದ ಕಾಯಿಲೆ ಸಾಮಾನ್ಯವಾಗಿ ಶುರುವಾಗುವುದೇ 2,500 ಮೀಟರ್ ದಾಟಿದ ಮೇಲೆ. ರೂಪಿನ್ ಪಾಸ್ ಸುಮಾರು 4,650 ಮೀಟರ್, ಪಿನ್ ಪಾರ್ವತಿ ಪಾಸ್ 5,319, ಎವರೆಸ್ಟ್ ಬೇಸ್ ಕ್ಯಾಂಪ್ 5,364. ಕೈಲಾಸ ಪರಿಕ್ರಮದ ಡೋಲ್ಮಾ ಲಾ ಎಂಬ ಪಾಸ್ 5,600 ಮೀಟರ್ ದಾಟುತ್ತದೆ. 5,500 ಮೀಟರ್ ಸುಮಾರಿಗೆ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕೆ ಇಳಿದಿರುತ್ತದೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಅಲ್ಲೂ ಶೇ 21 ತಾನೇ. ಆದರೆ ಗಾಳಿಯೇ ತೆಳುವಾದ್ದರಿಂದ ಒಂದು ಉಸಿರಿಗೆ ಒಳಗೆ ಹೋಗುವುದು ಅರ್ಧ ಮಾತ್ರ.

ಈಗ ಹಾಳೆಯಲ್ಲಿ ಮಲಗುವ ಎತ್ತರದ ಸಾಲು ನೋಡಿ. ವೈದ್ಯರು ಒಪ್ಪುವ ನಿಯಮ ಹೀಗಿದೆ: 3,000 ಮೀಟರ್ ದಾಟಿದ ಮೇಲೆ ಒಂದು ರಾತ್ರಿಯಿಂದ ಇನ್ನೊಂದು ರಾತ್ರಿಗೆ ಮಲಗುವ ಎತ್ತರ 500 ಮೀಟರ್‌ಗಿಂತ ಜಾಸ್ತಿ ಏರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಉಳಿಯಬೇಕು. ಹಗಲು ಎಷ್ಟು ಮೇಲೆ ಹೋಗಿ ಬಂದಿರಿ ಅನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಅನ್ನುವುದು ಮುಖ್ಯ. ಜಾಗದ ಕಾರಣಕ್ಕೆ ಒಂದು ದಿನ 800 ಮೀಟರ್ ಹಾರಲೇಬೇಕಾಗಿದ್ದರೆ, ಅದಕ್ಕೆ ಮೊದಲು ಅಥವಾ ಆಮೇಲೆ ಒಂದು ದಿನ ಸೇರಿಸಿರಬೇಕು. ವಿಮಾನದಲ್ಲಿ ಲೇಹ್‌ಗೆ ಹೋದರೆ ಒಂದೇ ಬೆಳಿಗ್ಗೆಗೆ ಸುಮಾರು 3,500 ಮೀಟರ್‌ಗೆ ಬಂದಿಳಿದಿರುತ್ತೀರಿ. ಅಲ್ಲಿ ಕಡೇಪಕ್ಷ ಎರಡು ದಿನ ಸುಮ್ನೆ ಇರಬೇಕು. ರಜೆ ಉಳಿಸಲು ಈ ದಿನಗಳನ್ನು ಕತ್ತರಿಸಿದ ಕಾರ್ಯಕ್ರಮ ಕಡಿಮೆ ಬೆಲೆಗೆ ಸಿಗಬಹುದು. ದಯವಿಟ್ಟು ತೆಗೆದುಕೊಳ್ಳಬೇಡಿ.

ಹಾದಿಯ ಸ್ವಭಾವವನ್ನೂ ಬರೆದುಕೊಳ್ಳಿ. ಹಿಮದ ಇಳಿಜಾರು ಇದೆಯಾ, ಹಿಮನದಿ (ಗ್ಲೇಸಿಯರ್) ದಾಟಬೇಕಾ, ಹಗ್ಗ ಕಟ್ಟಿಕೊಂಡು ನಡೆಯಬೇಕಾ? ಪಿನ್ ಪಾರ್ವತಿಯ ಹಾದಿಯಲ್ಲಿ ಬಿರುಕು ಬಿಟ್ಟ ಹಿಮನದಿ ದಾಟಬೇಕು. ಅಂಥ ಕಡೆಗೆ ಹೋಗುವವರು ಹಿಮದ ಮೇಲೆ ನಡೆಯುವುದನ್ನು ಮೊದಲೇ ಕಲಿತಿರಬೇಕು. ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆ, ಡಾರ್ಜಿಲಿಂಗ್‌ನ ಹಿಮಾಲಯನ್ ಪರ್ವತಾರೋಹಣ ಸಂಸ್ಥೆಗಳಲ್ಲಿ ಇದಕ್ಕೆಂದೇ ಕೋರ್ಸ್‌ಗಳಿವೆ.

ಹಂತ 2: ಡಾಕ್ಟರ ಹತ್ತಿರ ಕುಳಿತು ಮಾತಾಡಿ

ಸಂಸ್ಥೆಯವರು ಕೇಳುವ ಮೆಡಿಕಲ್ ಸರ್ಟಿಫಿಕೇಟ್‌ಗೆ ಪಕ್ಕದ ಕ್ಲಿನಿಕ್‌ನಲ್ಲಿ ಸಹಿ ಹಾಕಿಸಿಕೊಂಡು ಬರುವುದು ನಮ್ಮಲ್ಲಿ ರೂಢಿ. ಆ ಕಾಗದದಿಂದ ನಿಮಗೆ ಏನೂ ತಿಳಿಯುವುದಿಲ್ಲ. ನಿಮ್ಮ ಹಳೇ ಕಾಯಿಲೆ, ಔಷಧಿ ಗೊತ್ತಿರುವ ಡಾಕ್ಟರ ಮುಂದೆ ಹಂತ 1ರ ಹಾಳೆ ಇಡಿ. "ಸರ್, ಟ್ರೆಕ್ ಹೋಗ್ತೀನಿ" ಅಂದರೆ ಅವರ ಕಣ್ಣ ಮುಂದೆ ಬರುವುದು ಬಂಡೀಪುರವೋ ಕೊಡಗೋ. "ಐದು ಸಾವಿರ ಮೀಟರ್, ಆಸ್ಪತ್ರೆಗೆ ಎರಡು ದಿನದ ದಾರಿ" ಅಂತ ಹೇಳಿ. ಆಗ ಅವರು ಕೇಳುವ ಪ್ರಶ್ನೆಗಳೇ ಬೇರೆಯಾಗುತ್ತವೆ.

ಬಿಪಿ, ಸಕ್ಕರೆ, ಹಿಮೋಗ್ಲೋಬಿನ್, ಇಸಿಜಿ ಎಲ್ಲರಿಗೂ ಇರಲಿ. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಜಾಸ್ತಿ. ಆಮ್ಲಜನಕ ಹೊರುವುದು ರಕ್ತವೇ ಆದ್ದರಿಂದ ಹಿಮೋಗ್ಲೋಬಿನ್ ಕಡಿಮೆ ಇದ್ದರೆ ಮೊದಲು ಅದನ್ನು ಸರಿಮಾಡಿಕೊಳ್ಳಿ. ಅದಕ್ಕೆ ತಿಂಗಳುಗಳೇ ಬೇಕು. ನಲವತ್ತು ದಾಟಿದವರು, ಸಕ್ಕರೆ ಕಾಯಿಲೆ ಅಥವಾ ಬಿಪಿ ಇರುವವರು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತ ಆದವರಿದ್ದರೆ ಅವರೂ, ಟಿಎಂಟಿ ಬಗ್ಗೆ ಡಾಕ್ಟರನ್ನು ಕೇಳಿ. ಮಲಗಿಸಿ ತೆಗೆದ ಇಸಿಜಿ ಚೆನ್ನಾಗಿದೆ ಅಂದರೆ ಏರುವಾಗಲೂ ಹೃದಯ ಚೆನ್ನಾಗಿರುತ್ತದೆ ಅಂತ ಅರ್ಥ ಅಲ್ಲ. ಟಿಎಂಟಿಯಲ್ಲಿ ನಿಮ್ಮನ್ನು ಯಂತ್ರದ ಮೇಲೆ ನಡೆಸಿ, ಓಡಿಸಿ ನೋಡುತ್ತಾರೆ.

ಆಸ್ತಮಾ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಸ್ಟೆಂಟ್, ಫಿಟ್ಸ್, ಗರ್ಭಿಣಿಯಾಗಿರುವುದು, ಸಲ್ಫಾ ಔಷಧಿಯ ಅಲರ್ಜಿ ಯಾವುದನ್ನೂ ಮುಚ್ಚಿಡಬೇಡಿ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಒಂದು ಮಾತು: ಹೆಪ್ಪುಗಟ್ಟಿದ ಇನ್ಸುಲಿನ್ ಕೆಟ್ಟಂತೆಯೇ. ಅದನ್ನು ಚೀಲದಲ್ಲಿ ಇಡದೆ ಮೈಗೆ ತಾಗುವ ಒಳಜೇಬಿನಲ್ಲಿ ಇಟ್ಟುಕೊಳ್ಳಬೇಕು.

ಸರ್ಕಾರ ನಡೆಸುವ ಕೈಲಾಸ ಮಾನಸಸರೋವರ ಯಾತ್ರೆಗೆ 18ರಿಂದ 70 ವಯಸ್ಸು, ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 25ರ ಒಳಗೆ ಅನ್ನುವ ನಿಯಮವಿದೆ. ಜೊತೆಗೆ ವೈದ್ಯಕೀಯ ಪರೀಕ್ಷೆಗಳೂ ಇವೆ. ಊರಿಂದ ಹೊರಟು ಬಂದವರನ್ನೂ ಪರೀಕ್ಷೆಯಲ್ಲಿ ಪಾಸಾಗದಿದ್ದರೆ ವಾಪಸ್ ಕಳಿಸುತ್ತಾರೆ. ಖಾಸಗಿ ಟ್ರೆಕ್‌ಗೆ ಇಷ್ಟು ಬಿಗಿ ಯಾರೂ ಮಾಡುವುದಿಲ್ಲ. ಹಾಗಾಗಿ ಆ ಬಿಗಿಯನ್ನು ನೀವೇ ಹಾಕಿಕೊಳ್ಳಬೇಕು.

ಹಂತ 3: ಕಾಲು ಮತ್ತು ಉಸಿರಿನ ಪರೀಕ್ಷೆ

ಇದೊಂದನ್ನು ಪೂರ್ತಿ ನಮ್ಮೂರಲ್ಲೇ ಮಾಡಬಹುದು. ಅದಕ್ಕೇ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಓಟ. ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆ ಏರಿ ಅಥವಾ ಲಿಂಗಾಂಬುಧಿ ಕೆರೆ, ಮಂಡ್ಯದವರಿಗೆ ವಿಶ್ವೇಶ್ವರಯ್ಯ ಕ್ರೀಡಾಂಗಣ ಅಥವಾ ವಿ.ಸಿ. ನಾಲೆ ಏರಿ. ಕಷ್ಟದ ಟ್ರೆಕ್‌ಗೆ ಹೊರಟವರು 5 ಕಿ.ಮೀ.ಯನ್ನು 30ರಿಂದ 32 ನಿಮಿಷದಲ್ಲಿ, 10 ಕಿ.ಮೀ.ಯನ್ನು 70 ನಿಮಿಷದ ಒಳಗೆ ಓಡಬೇಕು. ಓಡಿ ಮುಗಿಸಿದ ಮೇಲೆ ನೆಲಕ್ಕೆ ಕುಸಿದು ಕೂರುವಂತಿದ್ದರೆ ಆ ಸಮಯವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮಾರನೇ ದಿನ ಎಂದಿನಂತೆ ಕೆಲಸಕ್ಕೆ ಹೋಗುವ ಹಾಗಿದ್ದರೆ ಮಾತ್ರ ಅದು ನಿಮ್ಮ ನಿಜವಾದ ವೇಗ. ಮಂಡಿ ನೋವಿನಿಂದ ಓಡಲಾಗದವರು ಓಟ ಬಿಟ್ಟು ಮುಂದಿನ ಪರೀಕ್ಷೆಯನ್ನೇ ಜಾಸ್ತಿ ಮಾಡಿ.

ಎರಡನೆಯದು ಮೆಟ್ಟಿಲು. ಚಾಮುಂಡಿ ಬೆಟ್ಟದ ಸಾವಿರ ಚಿಲ್ಲರೆ ಮೆಟ್ಟಿಲು ಒಂದು ಸಲ ಹತ್ತಿದರೆ ಸುಮಾರು 250 ಮೀಟರ್ ಏರಿದ ಹಾಗೆ. ಹಿಮಾಲಯದ ಕಷ್ಟದ ದಿನದಲ್ಲಿ ಏರು 800ರಿಂದ 1,000 ಮೀಟರ್ ಇರಬಹುದು. ಅಂದರೆ ಬೆಟ್ಟವನ್ನು ಒಂದೇ ಬೆಳಿಗ್ಗೆ ಮೂರರಿಂದ ನಾಲ್ಕು ಸಲ ಹತ್ತಿ ಇಳಿಯಬೇಕು. ಬೆನ್ನ ಮೇಲೆ ಚೀಲ ಇರಬೇಕು. ಮೊದಲ ತಿಂಗಳು ಖಾಲಿ ಬೆನ್ನಲ್ಲಿ ಒಂದು ಸಲ. ಆಮೇಲೆ 4 ಕೆಜಿ, 7 ಕೆಜಿ, ಕೊನೆಗೆ 10 ಕೆಜಿ. ನೀರಿನ ಬಾಟಲಿ ತುಂಬಿಕೊಂಡರೆ ತೂಕ ಲೆಕ್ಕ ಹಾಕುವುದು ಸುಲಭ. ಇಳಿಯುವಾಗ ಮಂಡಿ ನೋಯಲು ಶುರುವಾದರೆ ನೀರು ಚೆಲ್ಲಿ ಹಗುರ ಮಾಡಿಕೊಳ್ಳಬಹುದು.

ಹತ್ತುವ ವೇಗ ಎಷ್ಟಿರಬೇಕು? ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡುವಷ್ಟು. ಮಾತು ತುಂಡಾಗುತ್ತಿದ್ದರೆ ನಿಧಾನ ಮಾಡಿ. ಮಹಾ ನಂದಿಯ ತನಕ ಓಡಿ ಹೋಗಿ ಅಲ್ಲಿ ಹತ್ತು ನಿಮಿಷ ಕೂರುವವರು ಬೇಕಾದಷ್ಟು ಜನ. ಎತ್ತರದಲ್ಲಿ ಆ ಅಭ್ಯಾಸ ತೊಂದರೆ ಕೊಡುತ್ತದೆ. 1,500 ಮೀಟರ್ ದಾಟಿದ ಮೇಲೆ ಪ್ರತಿ 1,000 ಮೀಟರ್‌ಗೆ ದೇಹದ ಗರಿಷ್ಠ ದುಡಿಮೆಯ ಶಕ್ತಿ ಶೇ 10ರ ಆಸುಪಾಸು ಕುಗ್ಗುತ್ತಾ ಹೋಗುತ್ತದೆ. ಇಲ್ಲಿ ಏದುಸಿರು ಬಿಡುತ್ತಾ ಮಾಡುವ ಕೆಲಸವನ್ನು ಅಲ್ಲಿ ಮಾಡಲಾಗುವುದೇ ಇಲ್ಲ. ಇಲ್ಲಿ ಆರಾಮಾಗಿ, ಒಂದೇ ಲಯದಲ್ಲಿ ಎರಡು ಗಂಟೆ ಮಾಡುವ ಕೆಲಸ ಅಲ್ಲಿ ನಿಮ್ಮನ್ನು ಕಾಪಾಡುತ್ತದೆ.

ಮೇಲೆ ತಲುಪಿದ ತಕ್ಷಣ ನಾಡಿ ಎಣಿಸಿ. ಒಂದು ನಿಮಿಷ ಬಿಟ್ಟು ಮತ್ತೆ ಎಣಿಸಿ. ತಯಾರಿ ಸರಿಯಾಗಿದ್ದರೆ ಆ ಒಂದು ನಿಮಿಷದಲ್ಲಿ ನಾಡಿ ಚೆನ್ನಾಗಿ ಇಳಿಯುತ್ತದೆ, ವಾರ ಕಳೆದಂತೆ ಆ ಇಳಿತ ಹೆಚ್ಚುತ್ತದೆ. 12 ಬಡಿತವೂ ಇಳಿಯದಿದ್ದರೆ ಡಾಕ್ಟರಿಗೆ ಹೇಳಿ. ಎದೆ ಬಿಗಿತ, ತಲೆಸುತ್ತು, ಕಣ್ಣು ಕತ್ತಲೆ ಬಂದರೆ ಅವತ್ತೇ ತೋರಿಸಿ.

ಮೂರನೆಯದನ್ನು ಜನ ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಅದು ಮಾರನೇ ದಿನದ ಪರೀಕ್ಷೆ. ಶನಿವಾರ ಬೆಟ್ಟ ಮೂರು ಸಲ, ಭಾನುವಾರ ಮತ್ತೆ ಎರಡು ಸಲ, ಅದೇ ಚೀಲದಲ್ಲಿ. ಟ್ರೆಕ್ ಅಂದರೆ ಒಂದು ದಿನದ ಕೆಲಸ ಅಲ್ವಲ್ಲ. ಐದನೇ ದಿನ ಸರಿಯಾಗಿ ನಿದ್ದೆ ಇಲ್ಲದೆ, ಅರ್ಧ ಊಟ ಮಾಡಿ, ಬೆಳಗಿನ ಜಾವ ಮೂರಕ್ಕೆ ಎದ್ದು ಪಾಸ್ ಹತ್ತಬೇಕು. ಭಾನುವಾರ ತೊಡೆ ಹಿಡಿದುಕೊಂಡರೂ ಲಯ ತಪ್ಪದೆ ಹತ್ತಿದಿರಾ? ಹಾಗಿದ್ದರೆ ನಿಮ್ಮಲ್ಲಿ ಮಿಕ್ಕಿದ್ದಿದೆ.

ಇಳಿಯುವುದನ್ನು ಯಾವ ಕಾರಣಕ್ಕೂ ತಪ್ಪಿಸಬೇಡಿ. ಮೇಲಿಂದ ಸಿಟಿ ಬಸ್ ಹತ್ತಿ ಬರುವುದು ಸುಲಭ, ಗೊತ್ತು. ಆದರೆ ತೊಡೆಯ ಮುಂಭಾಗ, ಮಂಡಿ ಗಟ್ಟಿಯಾಗುವುದು ಇಳಿಯುವಾಗಲೇ. ಪಾಸ್ ದಾಟಿದ ದಿನ ಸುಸ್ತಾದ ಕಾಲಲ್ಲಿ ನೂರಾರು ಮೀಟರ್ ಸಡಿಲ ಕಲ್ಲಿನ ಮೇಲೆ ಇಳಿಯಬೇಕು. ಹೆಚ್ಚಿನವರ ಹೆಜ್ಜೆ ತಪ್ಪುವುದು ಅಲ್ಲೇ. ಮನೆಯಲ್ಲಿ ಒಂದು ಸಣ್ಣ ಪರೀಕ್ಷೆ ಮಾಡಿ. ಒಂದು ಮೆಟ್ಟಿಲ ಮೇಲೆ ಒಂಟಿ ಕಾಲಲ್ಲಿ ನಿಂತು, ಇನ್ನೊಂದು ಕಾಲನ್ನು ತುಂಬ ನಿಧಾನವಾಗಿ ಕೆಳಗಿನ ಮೆಟ್ಟಿಲಿಗೆ ತನ್ನಿ. ನಿಂತ ಕಾಲಿನ ಮಂಡಿ ಒಳಗೆ ವಾಲಿದರೆ ಅಥವಾ ನಡುಗಿದರೆ ತೊಡೆ, ಸೊಂಟಕ್ಕೆ ಇನ್ನೂ ಕಸರತ್ತು ಬೇಕು.

ಬೆಟ್ಟಕ್ಕೆ ಹೋಗುವಾಗ ಬೆಳಕಾದ ಮೇಲೆ ಹೋಗಿ, ಒಬ್ಬರೇ ಹೋಗಬೇಡಿ. ಅಲ್ಲಿ ಚಿರತೆಗಳಿವೆ. ಆಷಾಢ ಶುಕ್ರವಾರ ಮತ್ತು ವರ್ಧಂತಿಯ ದಿನ ಅಭ್ಯಾಸ ಬಿಡಿ. ಮೆಟ್ಟಿಲು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಹರಕೆ ತೀರಿಸುವವರಿಗೆ ದಾರಿ ಅವತ್ತು ಸೇರಿದ್ದು. ಮಂಡ್ಯದ ಕಡೆಯವರಿಗೆ ಶ್ರೀರಂಗಪಟ್ಟಣದ ಕರಿಘಟ್ಟದ ಮೆಟ್ಟಿಲು, ಮೇಲುಕೋಟೆಯ ಯೋಗಾನರಸಿಂಹಸ್ವಾಮಿ ಬೆಟ್ಟ ಇವೆ. ಪಾಂಡವಪುರದ ಕುಂತಿ ಬೆಟ್ಟ ಇನ್ನೂ ಒಳ್ಳೆಯದು. ಬಂಡೆ ಮೇಲೆ ಕಾಲಿಡುವ ಧೈರ್ಯ ಅಲ್ಲಿ ಬರುತ್ತದೆ.

ಹೊರಡುವುದಕ್ಕೆ ಒಂದೂವರೆ ತಿಂಗಳು ಇರುವಾಗ ಒಂದು ದೊಡ್ಡ ಪರೀಕ್ಷೆ ಇರಲಿ. ನಮಗೆ ಹತ್ತಿರದಲ್ಲಿ ಕುಮಾರ ಪರ್ವತಕ್ಕಿಂತ ಒಳ್ಳೆಯದು ಇಲ್ಲ. ಎತ್ತರ 1,712 ಮೀಟರ್ ಅಷ್ಟೇ. ಆದರೆ ಕುಕ್ಕೆ ಕಡೆಯಿಂದ ಹತ್ತಿದರೆ ಏರು ಒಂದೂವರೆ ಸಾವಿರ ಮೀಟರ್ ದಾಟುತ್ತದೆ. ಅರಣ್ಯ ಇಲಾಖೆಯ ಅನುಮತಿ ಆನ್‌ಲೈನ್‌ನಲ್ಲಿ ಮೊದಲೇ ಪಡೆಯಬೇಕು. ಮಳೆಗಾಲದಲ್ಲಿ ಬಿಡುವುದಿಲ್ಲ. ಅಲ್ಲಿ ಇಳಿದು ಬಂದ ಮೇಲೆ ನಿಮ್ಮ ಜೊತೆಗಾರರ ಚೀಲವನ್ನೂ ಸ್ವಲ್ಪ ದೂರ ಹೊರಬಲ್ಲಿರಾ ಅಂತ ನಿಮ್ಮನ್ನೇ ಕೇಳಿಕೊಳ್ಳಿ. ಹೌದು ಅಂದರೆ ಕಾಲು ಮತ್ತು ಉಸಿರು ತಯಾರಾಗಿವೆ.

ಹಂತ 4: ಎತ್ತರದ ಲೆಕ್ಕ

ಇಲ್ಲಿ ಒಂದು ಕಹಿ ಸತ್ಯ ಇದೆ. ಹಂತ 3ರಲ್ಲಿ ಗಳಿಸಿದ ಯಾವ ಶಕ್ತಿಯೂ ಎತ್ತರದ ಕಾಯಿಲೆಯಿಂದ ಕಾಪಾಡುವುದಿಲ್ಲ. ಮ್ಯಾರಥಾನ್ ಓಡುವವರಿಗೂ ಬರುತ್ತದೆ, ದಿನಾ ಜಿಮ್‌ಗೆ ಹೋಗುವ ಇಪ್ಪತ್ತೈದರ ಹುಡುಗರಿಗೂ ಬರುತ್ತದೆ. ಗಟ್ಟಿಮುಟ್ಟಾದವರು ಬೇಗ ಬೇಗ ಏರಿಬಿಡುವುದರಿಂದ ಅವರಿಗೆ ಅಪಾಯ ಜಾಸ್ತಿ ಅಂತಲೇ ಹೇಳಬಹುದು. ನಿಮ್ಮ ದೇಹ ಎತ್ತರಕ್ಕೆ ಹೇಗೆ ಒಗ್ಗುತ್ತದೆ ಅನ್ನುವುದನ್ನು ಮೈಸೂರಲ್ಲಿ ಕಂಡುಕೊಳ್ಳಲು ದಾರಿ ಇಲ್ಲ. ಉಸಿರು ಬಿಗಿಹಿಡಿಯುವ ಮಾಸ್ಕ್ ಹಾಕಿಕೊಂಡು ಓಡಿದರೆ ಉಸಿರಾಟದ ಸ್ನಾಯುಗಳಿಗೆ ಕೆಲಸ ಆದೀತು, ಗಾಳಿಯ ಒತ್ತಡ ಕಡಿಮೆ ಆಗುವುದಿಲ್ಲ. ದುಡ್ಡು ಉಳಿಸಿ ಒಳ್ಳೇ ಶೂ ತೆಗೆದುಕೊಳ್ಳಿ.

ಇರುವ ದಾರಿ ಅಂದರೆ ಏಣಿ ಹತ್ತಿದ ಹಾಗೆ ಹೋಗುವುದು. ಮೊದಲ ವರ್ಷ ಕೇದಾರಕಂಠದಂಥ 3,800 ಮೀಟರ್. ಆಮೇಲೆ ಹಂಪ್ತಾ ಪಾಸ್‌ನಂಥ 4,270 ಮೀಟರ್. ಅಲ್ಲಿ ಹೇಗಿತ್ತು ಅಂತ ಬರೆದಿಡಿ. ತಲೆನೋವು ಯಾವ ಎತ್ತರಕ್ಕೆ ಬಂತು, ಊಟ ಸೇರಿತಾ, ಎಷ್ಟು ದಿನಕ್ಕೆ ಸರಿಹೋಯಿತು? ಮುಂದೆ ಏನಾಗಬಹುದು ಅಂತ ಹೇಳುವುದಕ್ಕೆ ಈ ಹಿಂದಿನ ಅನುಭವಕ್ಕಿಂತ ಒಳ್ಳೆಯ ಸುಳಿವು ಇಲ್ಲ. 4,000 ಮೀಟರ್ ದಾಟಿ ಮಲಗಿಯೇ ಇಲ್ಲದವರು ನೇರವಾಗಿ 5,300 ಮೀಟರ್‌ನ, ವಾಪಸ್ ಬರಲು ದಾರಿ ಸುಲಭವಿಲ್ಲದ ಟ್ರೆಕ್‌ಗೆ ಹೆಸರು ಕೊಡಬಾರದು. ಇದು ನನ್ನ ಖಚಿತ ಅಭಿಪ್ರಾಯ.

ರೋಗಲಕ್ಷಣ ಗುರುತಿಸುವುದನ್ನು ಊರಲ್ಲೇ ಕಲಿತು ಹೋಗಿ. ಮೇಲೆ ಹೋದ 6ರಿಂದ 12 ಗಂಟೆಯಲ್ಲಿ ತಲೆನೋವು ಬರುತ್ತದೆ, ಜೊತೆಗೆ ವಾಕರಿಕೆ, ಸುಸ್ತು ಅಥವಾ ತಲೆಸುತ್ತು. ದಿನಾ ಸಂಜೆ ಟೆಂಟಿನಲ್ಲಿ ಒಬ್ಬರಿಗೊಬ್ಬರು ನಾಲ್ಕು ಪ್ರಶ್ನೆ ಕೇಳಿ: ತಲೆನೋವು ಎಷ್ಟು, ಹೊಟ್ಟೆ ಹೇಗಿದೆ, ಸುಸ್ತು ಎಷ್ಟು, ತಲೆಸುತ್ತು ಎಷ್ಟು? ಇಲ್ಲ ಅಂದರೆ 0, ಸ್ವಲ್ಪ 1, ಜಾಸ್ತಿ 2, ತಡೆಯಲಾಗದಷ್ಟು ಇದ್ದರೆ 3. ತಲೆನೋವೂ ಇದ್ದು ಒಟ್ಟು 3 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಎತ್ತರದ ಕಾಯಿಲೆ ಅಂತಲೇ ತಿಳಿಯಿರಿ. ಜಗತ್ತಿನಾದ್ಯಂತ ಬಳಸುವ ಲೇಕ್ ಲೂಯಿಸ್ ಅಳತೆ ಇದು. "ಬಿಸಿಲಿಗೆ ಇರಬೇಕು", "ನಿನ್ನೆ ಮ್ಯಾಗಿ ತಿಂದಿದ್ದಕ್ಕೆ ಇರಬೇಕು" ಅಂತ ಸಮಾಧಾನ ಹೇಳಿಕೊಳ್ಳಬೇಡಿ. ಎತ್ತರದಲ್ಲಿ ಬಂದ ಯಾವುದೇ ತೊಂದರೆಯನ್ನು, ಬೇರೆ ಕಾರಣ ಖಚಿತವಾಗುವ ತನಕ, ಎತ್ತರದ್ದೇ ಅಂತ ಹಿಡಿಯಬೇಕು. ಲಕ್ಷಣ ಇದ್ದಾಗ ಮೇಲೆ ಹೋಗಬಾರದು. ಜಾಸ್ತಿ ಆಗುತ್ತಿದ್ದರೆ ಇಳಿಯಬೇಕು.

ಜೀವಕ್ಕೆ ಅಪಾಯ ತರುವ ರೂಪಗಳು ಎರಡು. ಒಂದರಲ್ಲಿ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಸುಮ್ನೆ ಕೂತಿದ್ದರೂ ಏದುಸಿರು, ಬಿಡದ ಕೆಮ್ಮು, ನೀಲಿಗಟ್ಟಿದ ತುಟಿ, ಆಮೇಲೆ ಗುಲಾಬಿ ಬಣ್ಣದ ನೊರೆ ಕಫ. ಇನ್ನೊಂದರಲ್ಲಿ ಮಿದುಳು ಊದಿಕೊಳ್ಳುತ್ತದೆ. ಮಾತು ತೊದಲುತ್ತದೆ, ಬುದ್ಧಿ ಮಂಕಾಗುತ್ತದೆ, ನಡಿಗೆ ತೂರಾಡುತ್ತದೆ. ಅನುಮಾನ ಬಂದರೆ ಒಂದು ಕಾಲಿನ ಹಿಮ್ಮಡಿಯನ್ನು ಇನ್ನೊಂದು ಕಾಲಿನ ಬೆರಳಿಗೆ ತಾಗಿಸುತ್ತಾ ಒಂದು ಗೆರೆ ಮೇಲೆ ನಡೆಸಿ ನೋಡಿ. ತಪ್ಪು ಹೆಜ್ಜೆ ಇಟ್ಟರೆ ಬೆಳಗಾಗುವ ತನಕ ಕಾಯಬೇಡಿ. ಆಮ್ಲಜನಕ ಕೊಡಿ, ಒಬ್ಬರೇ ಬಿಡದೆ ಜೊತೆಗೆ ಇಳಿಸಿ. 300ರಿಂದ 1,000 ಮೀಟರ್ ಇಳಿದರೆ ಸಾಮಾನ್ಯವಾಗಿ ಸುಧಾರಿಸುತ್ತದೆ.

ಡಯಮಾಕ್ಸ್ ಮಾತ್ರೆ ದೇಹ ಬೇಗ ಒಗ್ಗುವುದಕ್ಕೆ ಸಹಾಯ ಮಾಡುತ್ತದೆ. ಸಾಮಾನ್ಯವಾಗಿ ಏರುವ ಹಿಂದಿನ ದಿನದಿಂದ ಶುರು ಮಾಡುತ್ತಾರೆ. ಬೆರಳು ಜುಮ್ಮೆನ್ನುವುದು, ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುವುದು ಇದರ ಗುಣ. ಎಷ್ಟು, ಯಾವಾಗ ಅನ್ನುವುದನ್ನು ನಿಮ್ಮ ಡಾಕ್ಟರೇ ಹೇಳಬೇಕು, ಪಕ್ಕದ ಟೆಂಟಿನವರಲ್ಲ. ಮಾತ್ರೆ ನುಂಗಿದ್ದೀನಿ ಅಂತ ನಿಯಮ ಮುರಿದು ಏರುವಂತಿಲ್ಲ. ಕರ್ಪೂರ ಮೂಸಿದರೆ ಆಮ್ಲಜನಕ ಏರುತ್ತದೆ ಅನ್ನುವ ನಂಬಿಕೆ ಯಾತ್ರೆಗೆ ಹೋಗುವ ಹಿರಿಯರಲ್ಲಿ ಗಟ್ಟಿಯಾಗಿದೆ. ಮೂಗು ತಂಪಾದ ಹಾಗನ್ನಿಸುತ್ತದೆ, ಅಷ್ಟೇ. ರಕ್ತದ ಆಮ್ಲಜನಕ ಏರುವುದಿಲ್ಲ. ಬೆರಳಿಗೆ ಹಾಕುವ ಆಕ್ಸಿಮೀಟರ್ ಇರಲಿ, ಆದರೆ ಚಳಿಗೆ ಮರಗಟ್ಟಿದ ಬೆರಳಲ್ಲಿ ಅದು ತಪ್ಪು ತೋರಿಸುತ್ತದೆ. ಅಂಕಿಗಿಂತ ಆ ಮನುಷ್ಯನ ನಡಿಗೆ, ಮಾತು, ಊಟ ನೋಡಿ. ಮೇಲಿರುವಷ್ಟು ದಿನ ಮದ್ಯ, ನಿದ್ದೆ ಮಾತ್ರೆ ಬೇಡ.

ಹಂತ 5: ಚಳಿ ಮತ್ತು ಬೆನ್ನ ಚೀಲ

ಮೈಸೂರಿನವರಿಗೆ ಚಳಿ ಅಂದರೆ ಧನುರ್ಮಾಸದ ಬೆಳಗು, ಒಂದು ಸ್ವೆಟರ್ ಸಾಕು. ಪ್ರತಿ 1,000 ಮೀಟರ್‌ಗೆ ಸುಮಾರು 6.5 ಡಿಗ್ರಿ ಕಡಿಮೆಯಾಗುತ್ತದೆ. ಇಲ್ಲಿ 28 ಡಿಗ್ರಿ ಇರುವ ಮಧ್ಯಾಹ್ನದ ಲೆಕ್ಕದಲ್ಲಿ, ಇಲ್ಲಿಂದ 4,000 ಮೀಟರ್ ಮೇಲೆ ಸುಮಾರು 2 ಡಿಗ್ರಿ. ಅದಕ್ಕೆ ರಾತ್ರಿ ಸೇರಿಸಿ, ಗಾಳಿ ಸೇರಿಸಿ, ಬಟ್ಟೆ ಒದ್ದೆಯಾಗಿದೆ ಅಂತ ಸೇರಿಸಿ. ದೇಹದ ಒಳಗಿನ ಶಾಖ 35 ಡಿಗ್ರಿಗಿಂತ ಕೆಳಗೆ ಇಳಿದರೆ ಅಪಾಯ. ಮೊದಲು ಜೋರು ನಡುಕ ಬರುತ್ತದೆ. ಆಮೇಲೆ ಬೆರಳಲ್ಲಿ ಜಿಪ್ ಹಿಡಿಯಲು ಆಗುವುದಿಲ್ಲ, ಮಾತು ತೊದಲುತ್ತದೆ. ಕೊನೆಗೆ ನಡುಕವೇ ನಿಂತುಹೋಗುತ್ತದೆ. ನಡುಕ ನಿಂತಿತು ಅಂದರೆ ಸರಿಹೋಯಿತು ಅಂತ ಅಲ್ಲ, ತುಂಬ ಕೆಟ್ಟಿತು ಅಂತ.

ಹತ್ತಿ ಬಟ್ಟೆ ಬೆವರು ಹಿಡಿದಿಟ್ಟು ಮೈ ತಣ್ಣಗೆ ಮಾಡುತ್ತದೆ. ಬೇಗ ಒಣಗುವ ಒಳ ಅಂಗಿ, ಮಧ್ಯೆ ಉಣ್ಣೆ ಅಥವಾ ಫ್ಲೀಸ್, ಮೇಲೆ ಬೆಚ್ಚನೆ ಜಾಕೆಟ್, ಅದರ ಮೇಲೆ ಗಾಳಿ ಮಳೆ ತಡೆಯುವ ಪದರ. ರೈನ್‌ಕೋಟ್ ಪರೀಕ್ಷೆ ಮನೆಯಲ್ಲೇ ಮಾಡಿ: ಹಾಕಿಕೊಂಡು ಶವರ್ ಕೆಳಗೆ ಹತ್ತು ನಿಮಿಷ ನಿಲ್ಲಿ. ಹೊಲಿಗೆಯಲ್ಲಿ ನೀರು ಬಂದರೆ ಬದಲಾಯಿಸಿ. ಶೂ ಹೊಸದಾಗಿ ಹಾಕಿಕೊಂಡು ಹಿಮಾಲಯಕ್ಕೆ ಹೋಗಬೇಡಿ. ಚಾಮುಂಡಿ ಬೆಟ್ಟದ ಅಷ್ಟೂ ಅಭ್ಯಾಸ ಆ ಶೂನಲ್ಲೇ ಆಗಲಿ.

ಇನ್ನೊಂದು ವಿಷಯವನ್ನು ಗಟ್ಟಿಯಾಗಿ ಹೇಳಬೇಕು. ದೊಡ್ಡ ಚೀಲವನ್ನು ಹೇಸರಗತ್ತೆಗೆ ಕೊಟ್ಟರೂ ಜೀವ ಉಳಿಸುವ ವಸ್ತುಗಳು ನಿಮ್ಮ ಬೆನ್ನ ಮೇಲೇ ಇರಬೇಕು. ಬೆಚ್ಚನೆ ಜಾಕೆಟ್, ರೈನ್‌ಕೋಟ್, ಒಣ ಸಾಕ್ಸ್, ಕೈಗವಸು, ಟೋಪಿ, ಹೆಡ್‌ಲ್ಯಾಂಪ್, ಸೀಟಿ, ಮೈಗೆ ಸುತ್ತಿಕೊಳ್ಳುವ ಎಮರ್ಜೆನ್ಸಿ ಬ್ಲ್ಯಾಂಕೆಟ್, ಔಷಧಿ, ಎರಡು ಲೀಟರ್ ನೀರು, ಒಂದು ದಿನಕ್ಕೆ ಆಗುವಷ್ಟು ತಿನಿಸು. ಹೇಸರಗತ್ತೆ ನಿಮಗಿಂತ ಮೂರು ಗಂಟೆ ಮೊದಲೇ ಕ್ಯಾಂಪ್ ಸೇರಿರುತ್ತದೆ. ಹಿಮ ಬಿದ್ದು ನೀವು ಮಧ್ಯದಲ್ಲಿ ನಿಂತರೆ ಅದರ ಬೆನ್ನ ಮೇಲಿರುವ ಜಾಕೆಟ್ ನಿಮಗೆ ಸಿಗುವುದಿಲ್ಲ. ತಿನಿಸಿಗೆ ನಮ್ಮ ಮಂಡ್ಯದ ಬೆಲ್ಲ, ಕೊಬ್ಬರಿ, ಕಡಲೆಕಾಯಿ ಚಿಕ್ಕಿ ಚೆನ್ನಾಗಿರುತ್ತವೆ. ಎತ್ತರದಲ್ಲಿ ಹಸಿವು ಸತ್ತಿರುತ್ತದೆ, ನಾಲಿಗೆಗೆ ಗೊತ್ತಿರುವ ರುಚಿ ಮಾತ್ರ ಒಳಗೆ ಹೋಗುತ್ತದೆ. ಬ್ಯಾಟರಿ ಚಳಿಗೆ ಬೇಗ ಸೋಲುತ್ತದೆ, ಮಲಗುವ ಚೀಲದ ಒಳಗೆ ಇಟ್ಟುಕೊಂಡು ಮಲಗಿ.

ಹಂತ 6: ಕರೆದುಕೊಂಡು ಹೋಗುವವರ ಪರೀಕ್ಷೆ

ದುಡ್ಡು ಕಟ್ಟುವ ಮೊದಲು ಫೋನ್ ಮಾಡಿ ಕೇಳಿ. ಗೈಡ್ ಯಾರು, ಪರ್ವತಾರೋಹಣ ಕೋರ್ಸ್ ಮಾಡಿದ್ದಾರಾ, ಈ ಹಾದಿಯಲ್ಲಿ ಈ ಋತುವಿನಲ್ಲಿ ನಡೆದಿದ್ದಾರಾ? ಎಷ್ಟು ಜನಕ್ಕೆ ಒಬ್ಬ ಗೈಡ್? ಒಬ್ಬರನ್ನು ಕೆಳಗಿಳಿಸಬೇಕಾದರೆ ಜೊತೆಗೆ ಹೋಗುವವರು ಯಾರು, ಆಗ ಉಳಿದ ತಂಡದ ಜೊತೆ ಯಾರಿರುತ್ತಾರೆ? ಆಮ್ಲಜನಕದ ಸಿಲಿಂಡರ್ ಪಾಸ್ ದಾಟುವ ದಿನ ತಂಡದ ಜೊತೆ ಬರುತ್ತದಾ ಅಥವಾ ಕ್ಯಾಂಪ್‌ನಲ್ಲೇ ಇರುತ್ತದಾ? ಅರಣ್ಯ ಇಲಾಖೆಯ ಪರವಾನಗಿಯಲ್ಲಿ ನಿಮ್ಮ ಹೆಸರು ಇರುತ್ತದಾ? ಹವೆ ಕೆಟ್ಟರೆ ಕಾಯಲು ಒಂದು ದಿನ ಇಟ್ಟಿದ್ದಾರಾ? ಎಷ್ಟು ಗಂಟೆಗೆ ತುದಿ ಮುಟ್ಟದಿದ್ದರೆ ಹಿಂತಿರುಗುತ್ತಾರೆ?

ಈ ಕೊನೇ ಪ್ರಶ್ನೆಗೆ ಗಡಿಯಾರದ ಸಮಯವೇ ಉತ್ತರವಾಗಿ ಬರಬೇಕು. "ಅದೆಲ್ಲ ಅಲ್ಲಿ ನೋಡ್ಕೊಳ್ಳೋಣ ಸರ್, ನಾವು ನೂರು ಪರ್ಸೆಂಟ್ ಕರ್ಕೊಂಡ್ ಹೋಗ್ತೀವಿ" ಅಂದರೆ ಫೋನ್ ಇಡಿ. ತುದಿ ಮುಟ್ಟಿಸುವ ಭರವಸೆ ಕೊಡುವವರಿಗೆ ಬೆಟ್ಟ ಗೊತ್ತಿಲ್ಲ.

ಸಂಪರ್ಕದ ಬಗ್ಗೆಯೂ ಕೇಳಿ. ಸ್ಯಾಟಲೈಟ್ ಫೋನನ್ನು ಅನುಮತಿ ಇಲ್ಲದೆ ಒಯ್ಯುವುದು ನಮ್ಮ ದೇಶದಲ್ಲಿ ಅಪರಾಧ. ಆದ್ದರಿಂದ ತಂಡದ ಹತ್ತಿರ ವಾಕಿಟಾಕಿ ಇದೆಯಾ, ಕೊನೇ ಸಿಗ್ನಲ್ ಸಿಗುವ ಜಾಗ ಎಲ್ಲಿ ಅಂತ ತಿಳಿದಿರಬೇಕು. ವಿಮೆ ಮಾಡಿಸುವಾಗ ನಿಮ್ಮ ಟ್ರೆಕ್‌ನ ಎತ್ತರ ಮತ್ತು ಹೆಲಿಕಾಪ್ಟರ್ ಖರ್ಚು ಪಾಲಿಸಿಯಲ್ಲಿ ಸೇರಿದೆಯಾ ಓದಿ. ಎಷ್ಟೋ ಪಾಲಿಸಿಗಳು ಒಂದು ಎತ್ತರ ದಾಟಿದ ಮೇಲೆ ಅನ್ವಯಿಸುವುದಿಲ್ಲ.

ಹಂತ 7: ಹೊರಡುವ ಮುಂಚಿನ ಎರಡು ವಾರ

ಈಗ ಅಭ್ಯಾಸ ಕಡಿಮೆ ಮಾಡಿ. ನಿದ್ದೆ ಜಾಸ್ತಿ ಮಾಡಿ. ಜ್ವರ, ಎದೆ ಕಟ್ಟಿದ ಕೆಮ್ಮು, ಭೇದಿ ಬಂದು ಪೂರ್ತಿ ವಾಸಿಯಾಗದಿದ್ದರೆ ಹೊರಡಬೇಡಿ. ಟಿಕೆಟ್ ದುಡ್ಡು ಹೋಗುತ್ತದೆ, ಹೋಗಲಿ. ಎದೆಯ ಸೋಂಕು ಇಟ್ಟುಕೊಂಡು ಎತ್ತರಕ್ಕೆ ಹೋಗುವುದು ಬೇಡವೇ ಬೇಡ.

ನಿಮ್ಮ ಹಿಂತಿರುಗುವ ಗೆರೆಗಳನ್ನು ಇಲ್ಲೇ, ತಲೆ ತಣ್ಣಗಿರುವಾಗಲೇ ಬರೆಯಿರಿ. ಸಂಜೆಯ ಅಂಕ 3 ಬಂದರೆ ಮಾರನೇ ದಿನ ಏರುವುದಿಲ್ಲ. ಇಂಥ ಗಂಟೆಗೆ ಪಾಸ್ ಸಿಗದಿದ್ದರೆ ತಿರುಗುತ್ತೇನೆ. ಕ್ಯಾಂಪ್‌ನಲ್ಲಿ ಜೋರು ಹಿಮ, ಗುಡುಗು ಇದ್ದರೆ ಹೊರಡುವುದಿಲ್ಲ. ಇದನ್ನು ಜೊತೆಗಾರರಿಗೆ ಓದಿ ಹೇಳಿ, ಅವರದನ್ನೂ ಕೇಳಿ. ಮೇಲೆ ಹೋದ ಮೇಲೆ ತೆಳು ಗಾಳಿಯಲ್ಲಿ ಯೋಚನೆಯೂ ಮಂಕಾಗುತ್ತದೆ. "ಇಷ್ಟು ದೂರ ಬಂದಾಯ್ತು, ಇನ್ನೊಂಚೂರು" ಅನ್ನುವ ಮಾತು ಯಾರ ಬಾಯಿಂದಾದರೂ ಬಂದೇ ಬರುತ್ತದೆ. ಆಗ ಬರೆದ ಹಾಳೆ ತೆಗೆದು ತೋರಿಸಿ.

ಹಂತ 1ರ ಹಾಳೆಯ ಒಂದು ಪ್ರತಿ ಮನೆಯವರ ಹತ್ತಿರ ಇರಲಿ. ಅದರಲ್ಲಿ ಸಂಸ್ಥೆಯ ಮತ್ತು ಗೈಡ್‌ನ ನಂಬರ್, ಬೇಸ್ ಹಳ್ಳಿಯ ಹೆಸರು, ಜಿಲ್ಲೆ, ವಿಮೆಯ ನಂಬರ್, ನಿಮ್ಮ ರಕ್ತದ ಗುಂಪು, ಔಷಧಿಗಳ ಪಟ್ಟಿ ಬರೆಯಿರಿ. ಕೊನೇ ಫೋನ್ ಎಲ್ಲಿಂದ ಮಾಡುತ್ತೀರಿ, ಮತ್ತೆ ಯಾವ ತಾರೀಖಿಗೆ ಸಿಗುತ್ತೀರಿ, ಆ ತಾರೀಖು ದಾಟಿ ಒಂದು ದಿನವಾದರೂ ಸುದ್ದಿ ಬರದಿದ್ದರೆ ಯಾರಿಗೆ ಫೋನ್ ಮಾಡಬೇಕು ಅನ್ನುವುದನ್ನೂ ಬರೆಯಿರಿ. ಜಮ್ಮು-ಕಾಶ್ಮೀರ, ಲಡಾಖ್ ಕಡೆ ಹೋಗುವವರಿದ್ದರೆ ನಮ್ಮ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ. ಪೋಸ್ಟ್‌ಪೇಯ್ಡ್ ಮಾಡಿಸಿಕೊಂಡು, ಆ ನಂಬರನ್ನೂ ಹಾಳೆಯಲ್ಲಿ ಸೇರಿಸಿ.